ಹೊಸ ಪಿಕಪ್‌ನ ಬಣ್ಣ ಎಷ್ಟು ದಪ್ಪ ಅಂತ ಬರೆದು ಕೊಡಲಿ

ಅಮೆರಿಕದಲ್ಲಿ ಹೊಸ ಗಾಡಿಯ ಕಿಟಕಿಗೆ ಒಂದು ಚೀಟಿ ಅಂಟಿಸಿರುತ್ತಾರೆ. ಕಾರುಗಳಿಗೆ ಇದು 1958ರ ಕಾನೂನು, ಪಿಕಪ್‌ಗಳಿಗೂ ಅದೇ ರೂಢಿಯಾಗಿದೆ. ಬೆಲೆ, ಎಂಜಿನ್, ಎಲ್ಲಿ ತಯಾರಾಯಿತು, ಸಾಗಿಸಿದ ಖರ್ಚು ಎಷ್ಟು, ಎಲ್ಲವೂ ಅದರಲ್ಲಿರುತ್ತದೆ. ಬಣ್ಣದ ಹೆಸರೂ ಇರುತ್ತದೆ. ಆದರೆ ಆ ಬಣ್ಣ ಎಷ್ಟು ದಪ್ಪ ಕೂತಿದೆ ಅನ್ನುವುದು ಮಾತ್ರ ಇರುವುದಿಲ್ಲ. ಐವತ್ತು ಅರವತ್ತು ಸಾವಿರ ಡಾಲರ್ ಕೊಡುವವನಿಗೆ ಅದು ಗೊತ್ತಾಗಬೇಕು ಅಂತ ನನ್ನ ವಾದ.

ನಾನಿರುವುದು ಮಿಶಿಗನ್‌ನಲ್ಲಿ. ಇಲ್ಲಿ ಚಳಿಗಾಲ ಪೂರ್ತಿ ರಸ್ತೆಗೆ ಉಪ್ಪು ಸುರಿಯುತ್ತಾರೆ. ಡೆಟ್ರಾಯಿಟ್ ಊರಿನ ಕೆಳಗೇ ಉಪ್ಪಿನ ಗಣಿ ಇದೆ. ಬಣ್ಣ ಎಲ್ಲಾದರೂ ಚೂರು ಎದ್ದರೆ ಸಾಕು, ಉಪ್ಪುನೀರು ಒಳಗೆ ಇಳಿದು ತಗಡನ್ನು ತಿನ್ನಲು ಶುರು ಮಾಡುತ್ತದೆ. ಹಾಗಾಗಿ ಇಲ್ಲಿ ಬಣ್ಣ ಸುಮ್ನೆ ಅಂದಕ್ಕೆ ಇರುವುದಲ್ಲ.

ಕಾರ್ಖಾನೆಯಲ್ಲಿ ಮೊದಲು ಇಡೀ ಬಾಡಿಯನ್ನು ತೊಟ್ಟಿಯಲ್ಲಿ ಮುಳುಗಿಸಿ, ಕರೆಂಟ್ ಹಾಯಿಸಿ, ತುಕ್ಕು ತಡೆಯುವ ಪದರ ಕೂರಿಸುತ್ತಾರೆ. ಆಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಕೊನೆಗೆ ಕ್ಲಿಯರ್ ಕೋಟ್, ಅಂದರೆ ಬಣ್ಣವಿಲ್ಲದ ಪಾರದರ್ಶಕ ಪದರ. ಎಲ್ಲ ಸೇರಿ ಸಾಮಾನ್ಯವಾಗಿ 100ರಿಂದ 130 ಮೈಕ್ರಾನ್. ಅಂದರೆ ಸುಮಾರು ಒಂದು ಮಿಲಿಮೀಟರಿನ ಹತ್ತನೇ ಒಂದು ಪಾಲು, ಅಷ್ಟೇ. ಅದರಲ್ಲಿ ನಿಜವಾದ ಬಣ್ಣ ಬರೀ 15–20 ಮೈಕ್ರಾನ್. ರೋಬೋಟ್‌ಗಳು ಇದನ್ನು ಎಷ್ಟು ಸಮನಾಗಿ ಹೊಡೆಯುತ್ತವೆ ಅಂದರೆ, ಕಂಪನಿಗಳು ಬೇಕಾದ ಕನಿಷ್ಠ ಮಟ್ಟಕ್ಕೆ ಹತ್ತಿರದಲ್ಲೇ ನಿಲ್ಲಿಸಬಹುದು. ಹಾಗೆ ಮಾಡಲು ಕಾರಣಗಳೂ ಇವೆ: ಬಣ್ಣದ ದ್ರಾವಕಗಳಿಂದ ಏಳುವ ಆವಿಗೆ ಸರ್ಕಾರದ ಮಿತಿ ಇದೆ, ಬಣ್ಣ ಬೇಯಿಸಿ ಗಟ್ಟಿ ಮಾಡುವ ಓವನ್‌ನ ಖರ್ಚೂ ಇದೆ. ಗಾಡಿ ಕಾರ್ಖಾನೆಯಲ್ಲಿ ಅತಿ ಹೆಚ್ಚು ಶಕ್ತಿ ನುಂಗುವುದೇ ಬಣ್ಣ ಹೊಡೆಯುವ ವಿಭಾಗ. ಜೊತೆಗೆ ದಪ್ಪ ಹೊಡೆದ ಮಾತ್ರಕ್ಕೆ ಒಳ್ಳೆಯದಾಗುವುದಿಲ್ಲ. ಮೇಲ್ಪದರ ಮೊದಲೇ ಗಟ್ಟಿಯಾದರೆ ಒಳಗಿನ ದ್ರಾವಕ ಗುಳ್ಳೆ ಎಬ್ಬಿಸಿ ಹೊರಬರುತ್ತದೆ. ತೆಳು ಬಣ್ಣವೆಲ್ಲ ಮೋಸ ಅಂತ ನಾನು ಹೇಳುತ್ತಿಲ್ಲ.

ಆದರೆ ಮಿತಿ ಮೀರಿ ಉಳಿಸಿದರೆ ಏನಾಗುತ್ತದೆ ಅನ್ನುವುದನ್ನು ಈ ದೇಶ ಕಂಡಿದೆ. 1980ರ ದಶಕದ ಕೊನೆ, 90ರ ಶುರುವಿನ ಹಲವು ಫೋರ್ಡ್ ಪಿಕಪ್‌ಗಳಿಗೆ ನಡುವಿನ ಪ್ರೈಮರ್ ಹೊಡೆದಿರಲಿಲ್ಲ. ಬಿಸಿಲಿನ ಅತಿನೇರಳೆ ಕಿರಣ ಮೇಲಿನ ಬಣ್ಣವನ್ನು ದಾಟಿ ತಳದ ಪದರವನ್ನು ಪುಡಿ ಮಾಡಿತು. ಬಣ್ಣ ಹಾಳೆ ಹಾಳೆಯಾಗಿ ಕಿತ್ತು ಬಂತು. ಜನ ಕೋರ್ಟಿಗೂ ಹೋದರು.

ನಮ್ಮ ಕಡೆಯ ರೀತಿಯೇ ಬೇರೆ. ಚಿತ್ರದುರ್ಗ, ದಾವಣಗೆರೆ ಕಡೆ ಹೆದ್ದಾರಿ ಪಕ್ಕದಲ್ಲಿ ಬೆಳೆದವರಿಗೆ ಲಾರಿ ಶೆಡ್ ಗೊತ್ತಿರುತ್ತದೆ. ಕ್ಯಾಬಿನ್ ಈಗ ಹೆಚ್ಚಾಗಿ ಕಂಪನಿಯಿಂದಲೇ ಬರುತ್ತದೆ, ಹಿಂದಿನ ಬಾಡಿಯನ್ನು ಶೆಡ್‌ನಲ್ಲಿ ಕಟ್ಟಿಸುತ್ತಾರೆ. ರೆಡ್ ಆಕ್ಸೈಡ್ ಹೊಡೆಯುತ್ತಾರೆ, ಪುಟ್ಟಿ ಹಾಕಿ ಎಮರಿ ಪೇಪರ್‌ನಲ್ಲಿ ಉಜ್ಜುತ್ತಾರೆ, ಆಮೇಲೆ ಎನಾಮಲ್. ಮಾಲೀಕ ಅಲ್ಲೇ ನಿಂತಿರುತ್ತಾನೆ. "ತಳ ಕಾಣ್ತಾ ಇದೆ, ಇನ್ನೊಂದು ಕೋಟ್ ಹೊಡಿಯಪ್ಪ" ಅಂತಾನೆ. "ಇದು ಒಣಗಲಿ ಅಣ್ಣಾ, ನಾಳೆ ಹೊಡೀತೀನಿ" ಅಂತಾನೆ ಪೇಂಟರ್. ಇಬ್ಬರ ಮಾತೂ ಸರಿಯೇ.

ಆ ಬಣ್ಣ ಇಲ್ಲಿನದಕ್ಕಿಂತ ಗಟ್ಟಿ ಅಂತ ಹೇಳಲಾರೆ. ತೊಟ್ಟಿಯಲ್ಲಿ ಮುಳುಗಿಸಿದ ಬಾಡಿಗೆ ಸಂದಿಯೊಳಗೂ ಪದರ ಹತ್ತುತ್ತದೆ, ಶೆಡ್‌ನಲ್ಲಿ ಅದು ಆಗುವುದಿಲ್ಲ. ಎಫ್‌ಸಿ (ಗಾಡಿ ಓಡಲು ಯೋಗ್ಯ ಅನ್ನುವ ಸರ್ಕಾರಿ ಪ್ರಮಾಣಪತ್ರ) ಹತ್ತಿರ ಬಂದಾಗ ಮತ್ತೆ ಬಣ್ಣ ಹೊಡೆಸುವುದು ಅಲ್ಲಿ ಮಾಮೂಲು. ನನಗೆ ಮೆಚ್ಚುಗೆ ಬೇರೆ ವಿಷಯಕ್ಕೆ. ದುಡ್ಡು ಕೊಡುವವನು ಕೆಲಸವನ್ನು ಕಣ್ಣಾರೆ ನೋಡುತ್ತಾನೆ, ಕೊರತೆ ಕಂಡರೆ ಅಲ್ಲೇ ಹೇಳುತ್ತಾನೆ. ಇಲ್ಲಿ ಗಾಡಿ ಹೊಳೆಯುತ್ತಾ ಮುಂದೆ ಬಂದು ನಿಲ್ಲುತ್ತದೆ, ಒಳಗೇನು ನಡೆಯಿತೋ ಕೊಳ್ಳುವವನಿಗೆ ಗೊತ್ತಿಲ್ಲ.

ನನ್ನ ಸ್ನೇಹಿತರೊಬ್ಬರ ಹೊಸ ಪಿಕಪ್‌ನಲ್ಲಿ ಬಾನೆಟ್ ಅಂಚಿನ ಬಣ್ಣ ಎಷ್ಟು ತೆಳುವಾಗಿತ್ತೆಂದರೆ ಕೆಳಗಿನ ಬೂದು ಪ್ರೈಮರ್ ಕಾಣುತ್ತಿತ್ತು. ಬಾಗಿಲ ಮೇಲೆ ಧೂಳಿನ ಕಣಗಳು ಬಣ್ಣದೊಳಗೇ ಕೂತಿದ್ದವು. ಡೀಲರ್ ಕಡೆಯವರು "ಪಾಲಿಶ್ ಮಾಡಿಕೊಡುತ್ತೇವೆ" ಅಂದರು. ನನಗೆ ಸಿಟ್ಟು ಬರುವುದು ಇಲ್ಲೇ. ಪಾಲಿಶ್ ಅಂದರೆ ಕ್ಲಿಯರ್ ಕೋಟನ್ನು ಸವೆಸುವುದು. ಬಿಸಿಲು ತಡೆಯುವ ಪದರವೇ ಅದು. ಮೊದಲೇ ಕಡಿಮೆ ಇರುವುದನ್ನು ಇನ್ನೂ ಕಡಿಮೆ ಮಾಡಿ, ಹೊಳಪು ಬಂತು ನೋಡಿ ಅಂದರೆ ಅದು ರಿಪೇರಿ ಅಲ್ಲ.

ವಾರಂಟಿಯನ್ನೂ ಗಮನವಿಟ್ಟು ಓದಬೇಕು. ಬಣ್ಣದ ದೋಷಕ್ಕೆ ಸಾಮಾನ್ಯವಾಗಿ 3 ವರ್ಷ ಅಥವಾ 36,000 ಮೈಲಿ. ತುಕ್ಕಿಗೆ ಅದಕ್ಕಿಂತ ಜಾಸ್ತಿ ವರ್ಷ ಸಿಗುತ್ತದೆ, ಆದರೆ ತಗಡು ತೂತು ಬಿದ್ದರೆ ಮಾತ್ರ. ಕಲ್ಲು ಸಿಡಿದು ಬಣ್ಣ ಎದ್ದರೆ ಲೆಕ್ಕಕ್ಕಿಲ್ಲ. ಬಣ್ಣ ತೆಳುವಾಗಿತ್ತು, ಅದಕ್ಕೇ ಎದ್ದಿತು ಅಂತ ಕೊಂಡವನು ಸಾಬೀತು ಮಾಡುವುದು ಹೇಗೆ? ಹಳೇ ಅಳತೆ ಅವನ ಕೈಲಿರುವುದಿಲ್ಲ ಅಲ್ವಾ?

ಅದಕ್ಕೇ ಅಳತೆ ಬರೆದು ಕೊಡಲಿ ಅನ್ನುತ್ತೇನೆ. ಬಾನೆಟ್, ಛಾವಣಿ, ಬಾಗಿಲುಗಳು, ಸಾಮಾನು ಹೇರುವ ಹಿಂದಿನ ತೊಟ್ಟಿಯ ಪಕ್ಕಗಳು. ಕಾರ್ಖಾನೆಯಲ್ಲಿ ಅಳೆಯುವ ಉಪಕರಣಗಳು ಇದ್ದೇ ಇವೆ. ಡೆಲಿವರಿ ಕಾಗದದ ಜೊತೆ ಒಂದು ಪುಟ ಸೇರಿಸುವುದು ಭಾರದ ಕೆಲಸವಲ್ಲ.

ಅಲ್ಲಿಯವರೆಗೆ ಕೊಳ್ಳುವವರೇ ಬಣ್ಣದ ದಪ್ಪ ಅಳೆಯುವ ಒಂದು ಗೇಜ್ ಒಯ್ಯುವುದು ಒಳ್ಳೆಯದು. ಉಕ್ಕು, ಅಲ್ಯುಮಿನಿಯಂ ಎರಡನ್ನೂ ಅಳೆಯುವಂಥದ್ದೇ ಬೇಕು, ಏಕೆಂದರೆ ಫೋರ್ಡ್‌ನ ಎಫ್-150 ಪಿಕಪ್‌ನ ಬಾಡಿ 2015ರ ಮಾದರಿಯಿಂದ ಅಲ್ಯುಮಿನಿಯಂನದು. ಗಾಡಿಯನ್ನು ಹಗಲು ಬೆಳಕಿನಲ್ಲಿ, ಒಣಗಿದ್ದಾಗ ನೋಡಿ. ಗೇಜ್ ಒಟ್ಟು ದಪ್ಪವನ್ನಷ್ಟೇ ಹೇಳುತ್ತದೆ, ಅಂಚುಗಳನ್ನು ಕಣ್ಣಲ್ಲೇ ನೋಡಬೇಕು. ದೋಷ ಕಂಡರೆ ಸಹಿ ಹಾಕುವ ಮೊದಲೇ ಬರವಣಿಗೆಯಲ್ಲಿ ಒಪ್ಪಿಸಿಕೊಳ್ಳಿ, ಇಲ್ಲವೇ ಬೇರೆ ಗಾಡಿ ಕೇಳಿ. ಆ ಭಾಗಕ್ಕೆ ಹೊಸದಾಗಿ ಬಣ್ಣ ಹೊಡೆಸಿಕೊಂಡರೆ ಅದರ ಕಾಗದವನ್ನು ಎತ್ತಿಡಿ. ಮುಂದೆ ಗಾಡಿ ಮಾರುವಾಗ ಅಲ್ಲಿ ಗೇಜ್ 200 ಮೈಕ್ರಾನ್ ದಾಟಿದರೆ, ಇದು ಆಕ್ಸಿಡೆಂಟ್ ಆದ ಗಾಡಿ ಅಂತ ಬೆಲೆ ಇಳಿಸುತ್ತಾರೆ.