ಅಪ್ಪನ ಹೆಸರಿಗೆ ಯಾವ ಇಲಾಖೆ ಹೊಣೆ?

ಕಳೆದ ಸಲ ರಜೆಗೆ ಊರಿಗೆ ಬಂದಾಗ ಅಪ್ಪನ ಜೊತೆ ಒಂದು ಕಚೇರಿಗೆ ಹೋಗಿದ್ದೆ. ಬೆಳೆ ಪರಿಹಾರದ ದುಡ್ಡು ಖಾತೆಗೆ ಬಿದ್ದಿರಲಿಲ್ಲ. ಪಹಣಿಯಲ್ಲಿ ಅಪ್ಪನ ಹೆಸರಿಗೆ ‘ಗೌಡ’ ಅಂಟಿಕೊಂಡಿದೆ, ಆಧಾರ್‌ನಲ್ಲಿ ಅದೇ ‘ಗೌಡ’ ಬಿಡಿಯಾಗಿ ನಿಂತಿದೆ, ಜೊತೆಗೊಂದು ಇನಿಷಿಯಲ್ ಬೇರೆ. “ಹೆಸರು ಮ್ಯಾಚ್ ಆಗ್ತಿಲ್ಲ ಯಜಮಾನ್ರೇ, ಎಲ್ಲಾದರದ್ದೂ ಜೆರಾಕ್ಸ್ ತನ್ನಿ” ಅಂದರು ಕೌಂಟರಿನವರು. ಎರಡೂ ಸರ್ಕಾರದ ಕಂಪ್ಯೂಟರಿನಲ್ಲೇ ಇವೆ. ಒಂದರಿಂದ ಇನ್ನೊಂದಕ್ಕೆ ಸುದ್ದಿ ಮುಟ್ಟಿಸುವ ಕೆಲಸ ಮಾತ್ರ ಎಪ್ಪತ್ತು ದಾಟಿದ ಅಪ್ಪನದು, ಬಸ್‌ಚಾರ್ಜು ಕೈಯಿಂದ.

ನಾನಿರುವುದು ಯುರೋಪಿನ ಎಸ್ಟೋನಿಯಾದ ಟ್ಯಾಲಿನ್‌ನಲ್ಲಿ. ಮಗಳು ಹುಟ್ಟಿದಾಗ ಹೆಸರು ನೋಂದಾಯಿಸಿದೆವು, ಅಷ್ಟೇ. ಮಕ್ಕಳ ಭತ್ಯೆ ಕೊಡುತ್ತೇವೆಂದು ಸರ್ಕಾರದವರೇ ತಿಳಿಸಿದರು, ನಾವು ಒಪ್ಪಿ ಖಾತೆ ಯಾವುದೆಂದು ಹೇಳಿದೆವು. ಇದರ ಹಿಂದಿರುವುದು 2001ರಿಂದ ನಡೆಯುತ್ತಿರುವ ‘ಎಕ್ಸ್-ರೋಡ್’, ಇಲಾಖೆಗಳ ಕಂಪ್ಯೂಟರುಗಳು ಒಂದಕ್ಕೊಂದು ಮಾಹಿತಿ ಮುಟ್ಟಿಸುವ ವ್ಯವಸ್ಥೆ. ಎಲ್ಲರ ಮಾಹಿತಿಯನ್ನೂ ಒಂದೇ ಕಣಜಕ್ಕೆ ಸುರಿದಿಲ್ಲ. ಅವರವರ ದಾಖಲೆ ಅವರವರ ಹತ್ತಿರವೇ ಇರುತ್ತದೆ. ಬೇಕಾದ ಇಲಾಖೆ ಕೇಳಿ ಪಡೆಯುತ್ತದೆ, ಕೇಳಿದ್ದಕ್ಕೆ ಡಿಜಿಟಲ್ ಸಹಿ ಬೀಳುತ್ತದೆ. ಜನಸಂಖ್ಯಾ ನೋಂದಣಿಯಂಥ ಕೆಲವು ದಾಖಲೆಗಳಲ್ಲಿ ನನ್ನ ವಿವರ ಯಾವ ಕಚೇರಿ ಯಾವತ್ತು ನೋಡಿತು ಅಂತ ನಾನೇ ನೋಡಬಹುದು.

ಇಷ್ಟು ಕೇಳಿದರೆ ಬೆಂಗಳೂರಿನ ನನ್ನ ಗೆಳೆಯರು “ಅದೇನು ಮಹಾ, ಎಪಿಐ ತಾನೇ” ಅನ್ನುತ್ತಾರೆ. ಎಪಿಐ ಅಂದರೆ ಒಂದು ಕಂಪ್ಯೂಟರ್ ಇನ್ನೊಂದರಿಂದ ಮಾಹಿತಿ ಕೇಳಿ ಪಡೆಯುವ ಕೊಂಡಿ. ಹೌದು, ತಂತಿ ಎಳೆಯುವುದು ನಮಗೂ ಗೊತ್ತು. ಎಸ್ಟೋನಿಯಾದವರ ಹೆಚ್ಚುಗಾರಿಕೆ ಇರುವುದು ಕಾಯ್ದೆಯಲ್ಲಿ. ಒಂದೇ ಮಾಹಿತಿಯನ್ನು ಸಂಗ್ರಹಿಸಲು ಎರಡನೇ ದತ್ತಾಂಶ ಕೋಶ ಕಟ್ಟುವಂತಿಲ್ಲ ಎಂದು ಇಲ್ಲಿನ ಸಾರ್ವಜನಿಕ ಮಾಹಿತಿ ಕಾಯ್ದೆಯಲ್ಲೇ ಬರೆದಿದೆ. ಹೊಸದು ಕಟ್ಟಬೇಕೆಂದರೆ ಮಾಹಿತಿ ವ್ಯವಸ್ಥೆಯ ಪ್ರಾಧಿಕಾರ, ಖಾಸಗಿತನ ಕಾಯುವವರು, ಅಂಕಿಅಂಶ ಇಲಾಖೆ ಎಲ್ಲರ ಮುಂದೆಯೂ ಇಡಬೇಕು. 2017ರಲ್ಲಿ ಫಿನ್ಲೆಂಡ್ ಜೊತೆ ಸೇರಿ ಎಕ್ಸ್-ರೋಡ್ ತಂತ್ರಾಂಶ ನೋಡಿಕೊಳ್ಳಲೆಂದೇ ಒಂದು ಸಂಸ್ಥೆ ಮಾಡಿಕೊಂಡರು. ಕೋಡು ಸೇರಿದವರೆಲ್ಲರದು, ಅವರವರ ದೇಶದ ಉಸ್ತುವಾರಿ ಅವರವರದು.

ಹಾಗಂತ ಇದು ಸ್ವರ್ಗವಲ್ಲ. ಅದೇ 2017ರಲ್ಲಿ ಗುರುತಿನ ಚೀಟಿಯ ಚಿಪ್‌ನಲ್ಲಿ ದೋಷ ಸಿಕ್ಕಿ ಏಳೂವರೆ ಲಕ್ಷದಷ್ಟು ಕಾರ್ಡುಗಳ ಭದ್ರತೆಯೇ ಅಪಾಯಕ್ಕೆ ಸಿಲುಕಿತು. ಎಲ್ಲ ಬಾಗಿಲಿಗೂ ಒಂದೇ ಕೀಲಿಯಾದರೆ ಇದೇ ಪಾಡು. ಮೇಲಾಗಿ ಈ ಇಡೀ ದೇಶದ ಜನಸಂಖ್ಯೆ ಹದಿಮೂರೂವರೆ ಲಕ್ಷದ ಆಸುಪಾಸು, ನಮ್ಮ ಚಿಕ್ಕಮಗಳೂರು ಜಿಲ್ಲೆಗಿಂತ ಒಂದಿಷ್ಟು ಹೆಚ್ಚು. ಎರಡು ಕೋಟಿಯಷ್ಟು ಪಹಣಿಯನ್ನು ಕೈಬರಹದಿಂದ ಬಿಡಿಸಿ ‘ಭೂಮಿ’ ಎಂಬ ಕಂಪ್ಯೂಟರ್ ದಾಖಲೆಗೆ ಹತ್ತಿಸಿದ ನಮ್ಮವರ ಮುಂದೆ ಇವರು ಬೀಗಬೇಕಿಲ್ಲ. ಆಸ್ತಿ ನೋಂದಣಿಯ ತಂತ್ರಾಂಶ ‘ಕಾವೇರಿ’ಯಲ್ಲಿ ಕ್ರಯ ನೋಂದಣಿಯಾದರೆ ಖಾತೆ ಬದಲಾವಣೆಗೆ ‘ಭೂಮಿ’ಗೆ ಸುದ್ದಿ ಹೋಗುತ್ತದೆ, ರೈತರ ವಿವರ ಇಡುವ ‘ಫ್ರೂಟ್ಸ್’ ಕೊಟ್ಟ ರೈತ ಸಂಖ್ಯೆಯನ್ನು ಕೃಷಿ, ತೋಟಗಾರಿಕೆ, ರೇಷ್ಮೆ ಇಲಾಖೆಗಳು ಬಳಸುತ್ತವೆ. ಇದನ್ನು ಇಲ್ಲಿನ ಸಹೋದ್ಯೋಗಿಗಳಿಗೆ ಹೇಳಿದರೆ ಕಣ್ಣರಳಿಸುತ್ತಾರೆ.

ನನ್ನ ತಕರಾರು ಒಂದೇ. ಅಪ್ಪನ ಹೆಸರು ಯಾವುದು ಎಂಬುದಕ್ಕೆ ಕೊನೆಯ ಮಾತು ಯಾರದು? ಭೂಮಿಯದೋ, ಆಧಾರಿನದೋ, ಮನೆಮಂದಿಯ ವಿವರ ಇಡುವ ‘ಕುಟುಂಬ’ ತಂತ್ರಾಂಶದ್ದೋ? ಇಲಾಖೆಗಳು ಕೂತು ಇದನ್ನು ಇತ್ಯರ್ಥ ಮಾಡಿಕೊಳ್ಳದೆ ಬರೀ ತಂತಿ ಜೋಡಿಸಿದರೆ, ಮೊದಲು ಕೌಂಟರಿನಲ್ಲಿ ಕಾಣುತ್ತಿದ್ದ ತಪ್ಪು ಈಗ ಯಾರ ಕಣ್ಣಿಗೂ ಬೀಳದೆ ದುಡ್ಡು ನಿಲ್ಲಿಸುತ್ತದೆ.

ಮೂರನೇ ಸಲ ಹೋದಾಗ ಅಪ್ಪನ ಕೆಲಸ ಆಯಿತಂತೆ. ನಿನ್ನೆ ಫೋನ್ ಮಾಡಿದ್ದರು: ಬೆಳೆ ವಿಮೆಯವರೂ ಅದೇ ಜೆರಾಕ್ಸ್ ಕೇಳಿದ್ದಾರಂತೆ.