ಮೇಕೆದಾಟಿಗೆ ಯಾವಾಗ ಹೋಗಿದ್ರಿ?

ಮೊನ್ನೆ ಒಂದು ಮದುವೆ ಮನೇಲಿ ಊಟಕ್ಕೆ ಕೂತಾಗ ಪಕ್ಕದ ಎಲೆಯೋರ ಹತ್ರ ಬಾಯ್ತಪ್ಪಿ, ಹೋದ ಭಾನುವಾರ ಮೇಕೆದಾಟಿಗೆ ಹೋಗಿದ್ವಿ ಅಂದ್ಬಿಟ್ಟೆ. ಅವರು ಹಪ್ಪಳ ಮುರೀತಾ, "ಫೆಬ್ರವರೀಲಾ? ಈಗೇನಿರುತ್ತೆ ಅಲ್ಲಿ, ಆಗಸ್ಟ್‌ನಲ್ಲಿ ಹೋಗ್ಬೇಕಿತ್ತು ನೀವು" ಅಂದ್ರು. ಅಷ್ಟರಲ್ಲಿ ಹೋಳಿಗೆ ಮೇಲೆ ತುಪ್ಪ ಹಾಕೋಕೆ ಬಂದ್ರು, ಬೇಡ ಅಂದೆ. ತುಪ್ಪ ಬೇಡ ಅನ್ನೋವಷ್ಟು ಸಿಟ್ಟು ನನಗೆ ವರ್ಷಕ್ಕೆ ಒಂದ್ಸಲ ಬಂದ್ರೆ ಹೆಚ್ಚು.

ಆಗಸ್ಟ್‌ನಲ್ಲೂ ಹೋಗಿದೀನಿ ಸ್ವಾಮಿ. ಕೆಆರ್‌ಎಸ್ ತುಂಬಿ, ಅತ್ತ ಕಬಿನಿಯಿಂದ್ಲೂ ನೀರು ಬಿಟ್ಟು, ಟೀವೀಲಿ ಹೊತ್ತುಹೊತ್ತಿಗೂ ಕ್ಯೂಸೆಕ್ ಕ್ಯೂಸೆಕ್ ಅಂತ ಕೂಗ್ತಿದ್ದ ವಾರಾನೇ ಆಫೀಸಿಗೆ ಚಕ್ಕರ್ ಹೊಡೆದು ಹೋಗಿದ್ದೆ. ಅರ್ಕಾವತಿ ಬಂದು ಕಾವೇರಿ ಸೇರೋ ಸಂಗಮದಲ್ಲೇ ಬ್ಯಾರಿಕೇಡು, ತೆಪ್ಪಗಳನ್ನೆಲ್ಲ ದಡದ ಮೇಲೆ ಬೋರಲು ಹಾಕಿದ್ರು, ಇನ್ನು ಮೇಕೆದಾಟು ನಾಲ್ಕೈದು ಕಿಲೋಮೀಟರ್ ಆಚೆ. ಕೆಂಪು ನೀರು ನೋಡ್ಕೊಂಡು ಬೇಯಿಸಿದ ಕಡ್ಲೇಕಾಯಿ ತಿಂದ್ಕೊಂಡು ವಾಪಸ್ ಬಂದ್ವಿ. ನೀರಿದ್ರೆ ಬಿಡಲ್ಲ, ಬಿಟ್ರೆ ನೀರಿರಲ್ಲ, ಅಲ್ಲಿನ ಕಾನೂನು ಇಷ್ಟೇ. ಇಷ್ಟಕ್ಕೂ, ಅಷ್ಟಗಲ ಹರಿಯೋ ಕಾವೇರಿ ಒಂದು ಬಂಡೆ ಸಂದೀಲಿ ಮೈ ಹಿಂಡ್ಕೊಂಡು ನುಗ್ಗೋದು ಕಾಣ್ಬೇಕು ಅಂದ್ರೆ ನೀರು ಕೆಳಗೆ ಇಳಿದಿರ್ಲೇಬೇಕು, ತುಂಬಿದಾಗ ಬಂಡೇನೇ ಮುಚ್ಚಿರುತ್ತೆ. ಇದನ್ನ ಹಪ್ಪಳದೋರಿಗೆ ಹೇಳೋಣ ಅಂದ್ಕೊಂಡೆ, ಆದ್ರೆ ಅವರು ಆಗ್ಲೇ ಆಚೆ ಪಕ್ಕದೋರಿಗೆ ಕೂರ್ಗ್‌ಗೆ ಯಾವಾಗ ಹೋಗ್ಬೇಕು ಅಂತ ಹೇಳ್ತಿದ್ರು.

ನನ್ನ ಲೆಕ್ಕದಲ್ಲಿ ಅಲ್ಲಿಗೆ ಹೋಗ್ಲೇಬಾರದ ತಿಂಗಳು ಅಂತಿದ್ರೆ ಅದು ಏಪ್ರಿಲ್. ಅದಕ್ಕೆ ಕಾರಣ ನೀರಲ್ಲ, ಚಪ್ಪಲಿ.

2018ರ ಏಪ್ರಿಲ್. ಭಾವ, ಅಕ್ಕ, ಅಮ್ಮ, ನಾನು. ಸಂಗಮದಲ್ಲಿ ಅರ್ಕಾವತಿ ದಾಟಿ ಆಕಡೆಯಿಂದ ಆ ಹಳೇ ಬಸ್ಸು ಹಿಡೀಬೇಕಿತ್ತು. ತೆಪ್ಪದಲ್ಲಿ ಹೋಗೋಣ ಅಂದ್ರೆ ಭಾವ "ಮೊಣಕಾಲುದ್ದ ನೀರಿಗೆ ತೆಪ್ಪ ಯಾಕೋ, ನಡಿ" ಅಂತ ಪ್ಯಾಂಟ್ ಮಡಚಿ ಇಳಿದೇಬಿಟ್ರು. ಭಾವ ಇರೋದು ಕೆಂಗೇರೀಲಿ. ನಟ್ಟನಡುವೆ ನಿಂತ್ಕೊಂಡು "ಇದು ನಮ್ಮನೇ ನೀರು ಕಣೋ" ಅಂದ್ರು. ತಮಾಷೆ ಅಲ್ಲ, ನಿಜಾನೇ. ಕಾವೇರಿ ನೀರನ್ನ ತೊರೆಕಾಡನಹಳ್ಳಿಯಿಂದ ಪಂಪ್ ಮಾಡಿ ಮಾಡಿ ಬೆಂಗಳೂರಿಗೆ ಹತ್ತಿಸ್ತಾರೆ, ಭಾವ ಅದ್ರಲ್ಲಿ ಸ್ನಾನ ಗೀನ ಎಲ್ಲಾ ಮುಗಿಸ್ತಾರೆ, ಅದು ವೃಷಭಾವತಿಗೆ ಬಿದ್ದು, ಬೈರಮಂಗಲ ಕೆರೆಗೆ ಹೋಗಿ, ಅಲ್ಲಿಂದ ಅರ್ಕಾವತಿ ಸೇರಿ, ಸಂಗಮದಲ್ಲಿ ಮತ್ತೆ ಕಾವೇರಿ ಪಾದಕ್ಕೇ ಬೀಳುತ್ತೆ. ಸ್ನಾನದ ವಿಷಯ ಸರಿ, ಆ "ಗೀನ" ನೆನಪಾಗಿ ನಾನು ಜೋರಾಗಿ ಹೆಜ್ಜೆ ಹಾಕಕ್ಕೆ ಹೋದೆ, ಪಾಚಿಗಲ್ಲು ಜಾರ್ತು, ಎಡಗಾಲಿನ ಚಪ್ಪಲಿ ಕಳಚ್ಕೊಂಡು ಹೊರಟೇಹೋಯ್ತು.

ತಗೊಂಡು ಒಂದು ವಾರ ಆಗಿತ್ತು ಅಷ್ಟೇ. ಒಂದು ಕೈಯಲ್ಲಿ ಪುಳಿಯೋಗರೆ ಡಬ್ಬಿ, ಇನ್ನೊಂದ್ರಲ್ಲಿ ಅಮ್ಮನ ಕೈ, ಹಿಡಿಯೋಕೆ ಏನೂ ಉಳಿದಿರ್ಲಿಲ್ಲ. ಚಪ್ಪಲಿ ಏನೂ ಅರ್ಜೆಂಟಿಲ್ಲದೆ ತೇಲ್ಕೊಂಡು ಹೋಗಿ, ಎರಡು ನದಿ ಸೇರೋ ಜಾಗದಲ್ಲಿ ಒಂದು ಸುತ್ತು ತಿರುಗಿ, ಮಗುಚಿ, ತಳದಲ್ಲಿದ್ದ ರೇಟಿನ ಸ್ಟಿಕ್ಕರನ್ನೂ ತೋರಿಸಿ ಕಾವೇರಿ ಪಾಲಾಯ್ತು. "ಬಿಡೋ, ಬಿಳಿಗುಂಡ್ಲು ದಾಟಿದ್ಮೇಲೆ ಅದು ತಮಿಳುನಾಡಿಂದು" ಅಂದ್ರು ಭಾವ. ಆ ಫೆಬ್ರವರೀಲಷ್ಟೇ ಸುಪ್ರೀಂ ಕೋರ್ಟ್ ತೀರ್ಪು ಬಂದಿತ್ತು, ವರ್ಷಕ್ಕೆ 177.25 ಟಿಎಂಸಿ ಬಿಳಿಗುಂಡ್ಲುನಲ್ಲಿ ಲೆಕ್ಕ ಕೊಡ್ಬೇಕು ಅಂತ. ಆ ಪಾಯಿಂಟ್ ಎರಡೈದರಲ್ಲಿ ನನ್ನ ಚಪ್ಪಲೀನೂ ಸೇರಿದ್ಯಾ ಅಂತ ಇವತ್ತಿಗೂ ನನಗೆ ಅನುಮಾನ.

ಆಮೇಲೆ ಶುರುವಾಯ್ತು ನೋಡಿ ಉಪದೇಶ. ಗಾಂಧೀಜಿದು ಅಂತ ಒಂದು ಕಥೆ ಹೇಳ್ತಾರಲ್ಲ, ರೈಲಿಂದ ಒಂದು ಚಪ್ಪಲಿ ಬಿದ್ದಿದ್ದಕ್ಕೆ ಇನ್ನೊಂದನ್ನೂ ಎಸೆದ್ರು, ಸಿಕ್ಕೋನಿಗೆ ಜೊತೆ ಸಿಗ್ಲಿ ಅಂತ, ಅದನ್ನ ಭಾವ ಶುರು ಮಾಡಿದ್ರು. ಅಕ್ಕಾನೂ ಹೂಂ ಅಂದ್ಳು. ನಾನು ಎಸೀಲಿಲ್ಲ. ಮೆಟ್ಟೂರು ಡ್ಯಾಮಲ್ಲಿ ಯಾರೋ ಪುಣ್ಯಾತ್ಮ ಎರಡನ್ನೂ ಹೆಕ್ಕಿ ಮೆಟ್ಕೊಂಡು ಓಡಾಡೋದು ನೆನೆಸ್ಕೊಂಡ್ರೇ ಹೊಟ್ಟೆ ಉರೀತಿತ್ತು. ಒಂಟಿ ಚಪ್ಪಲೀನ ಕಂಕುಳಲ್ಲಿಟ್ಕೊಂಡು ಬಸ್ ಹತ್ತಿದೆ. ಕಂಡಕ್ಟರ್ ಚಪ್ಪಲಿ ನೋಡಿದ, ನನ್ನ ನೋಡಿದ, ಏನೂ ಕೇಳ್ಲಿಲ್ಲ, ಬಹುಶಃ ನಾನೇ ಮೊದಲನೇಯವನಲ್ಲ.

ಮೇಕೆದಾಟಿನ ಬಂಡೆ ಮಧ್ಯಾಹ್ನ ಹನ್ನೆರಡೂವರೆಗೆ ಹೆಂಗಿರುತ್ತೆ ಅಂತ ಬರಿಗಾಲಲ್ಲಿ ಹೋದೋರಿಗೆ ಗೊತ್ತು. ದೋಸೆ ಕಾವಲಿ. ಎರಡು ಹೆಜ್ಜೆ ಇಟ್ಟೆ, ಮೂರನೇದು ಹೆಜ್ಜೆ ಅಲ್ಲ, ನೆಗೆತ. ಹಂಗೇ ಕುಪ್ಪಳಿಸ್ತಿರೋವಾಗ ನನಗೊಂದು ದೊಡ್ಡ ಸತ್ಯ ಹೊಳೀತು. ಹುಲಿ ಅಟ್ಟಿಸ್ಕೊಂಡು ಬಂತು, ಮೇಕೆ ಹಾರ್ತು ಅಂತಾರಲ್ಲ, ಹುಲೀನೂ ಇಲ್ಲ ಏನೂ ಇಲ್ಲ, ಅದು ಏಪ್ರಿಲ್ ಆಗಿತ್ತು, ಅಷ್ಟೇ. ಭಾವಂಗೆ ಹೇಳ್ದೆ. ಅವರು ನೆರಳಲ್ಲಿ ಕೂತು ಪುಳಿಯೋಗರೆ ಕಲಸ್ತಾ, "ಮೇಕೆಗೆ ಗೊರಸಿರುತ್ತೆ ಕಣೋ" ಅಂದ್ರು.

ಕೊನೆಗೆ ಅಮ್ಮಾನೇ ಡಬ್ಬಿ ಹಾಕಿದ್ದ ತಾಂಬೂಲದ ಚೀಲ ಖಾಲಿ ಮಾಡಿ ಕಾಲಿಗೆ ಕಟ್ಟಿದ್ಳು. ಹಳದಿ ಚೀಲ, ಮೇಲೆ ಕೆಂಪಕ್ಷರದಲ್ಲಿ ಗಣಪತಿ, ಚಿ|| ಚಿ||ಸೌ||, ಕೆಳಗೆ "ತಮ್ಮ ಆಗಮನಕ್ಕೆ ವಂದನೆಗಳು". ಗಣಪತಿ ಮೇಲೆ ಕಾಲಿಡ್ಬೇಡ ಅಂತ ಅದನ್ನ ತಿರುವಿ ಹಾಕಿದ್ಳು. ಹಂಗೇ ಕುಂಟ್ಕೊಂಡು ಕಣಿವೆ ತುದಿಯಿಂದ ದೂರಾನೇ ನಿಂತು ನೋಡ್ದೆ, ಅಲ್ಲಿ ಫೋಟೋ ತಗೊಳ್ಳೋಕೆ ಹೋಗಿ ಜಾರಿ ಸತ್ತೋರು ಒಬ್ಬಿಬ್ರಲ್ಲ, ಚೀಲ ಕಟ್ಕೊಂಡು ನಾನೂ ಆ ಪಟ್ಟಿ ಸೇರೋದು ಬೇಡ. ಕಾಲ ಹತ್ರ ಬಂಡೇಲಿ ಒರಳಿನಂಥ ಒಂದು ಗುಂಡಿ ಇತ್ತು, ನುಣ್ಣಗೆ. ಮಳೆಗಾಲದ ಸುಳೀಲಿ ಕಲ್ಲು ತಿರುಗಿ ತಿರುಗಿ ಕೊರೆದಿದ್ದು. ತಳದಲ್ಲಿ ಬೊಗಸೆ ನೀರು, ಒಂದು ಗುಂಡುಕಲ್ಲು ಮಳೆಗಾಲಕ್ಕೆ ಕಾಯ್ತಾ ಕೂತಿತ್ತು, ಪಕ್ಕದಲ್ಲಿ ಗುಟ್ಕಾ ಪ್ಯಾಕೆಟ್ಟು. ಆಗಸ್ಟ್‌ನಲ್ಲಿ ಇದು ಕಾಣುತ್ತೇನ್ರೀ? ಎಲ್ಲಿ ಕಾಣುತ್ತೆ.

ಮೊನ್ನೆ ಮದುವೇಲಿ ಹೊರಡೋವಾಗ ತಾಂಬೂಲದ ಚೀಲ ಕೊಟ್ರು, ಥೇಟ್ ಅದೇ ಹಳದಿ. ಕಾರಲ್ಲಿ ಕೂತು ತೆಂಗಿನಕಾಯಿ ತೆಗೆದು ಪಕ್ಕಕ್ಕಿಟ್ಟು, ಯಾರೂ ನೋಡ್ತಿಲ್ಲ ಅಂತ ಖಾತ್ರಿ ಮಾಡ್ಕೊಂಡು ಕಾಲು ತೂರಿಸಿ ನೋಡ್ದೆ. ಈಗಿನ ಚೀಲಗಳು ಸ್ವಲ್ಪ ಬಿಗಿ.