ಎಷ್ಟಾಯ್ತು ಸಾರ್?

ಹರಾಜು ಶುರುವಾಗಿ ಒಂದು ರಾತ್ರಿ ಕಳೆದಿರುವುದಿಲ್ಲ, ಬೆಳಗ್ಗೆ ಹಲ್ಲುಜ್ಜುವ ಹೊತ್ತಿಗೇ ಫೋನು: "ಎಷ್ಟಾಯ್ತು ಸಾರ್?" ಏನೂ ಆಗಿಲ್ಲ ಸ್ವಾಮಿ. ಅದು ಏಳು ದಿನದ ಹರಾಜು. ಮೊದಲ ಆರು ದಿನ ಅದರಲ್ಲಿ ಹೆಚ್ಚೇನೂ ಆಗುವುದಿಲ್ಲ. ಆದರೆ ಮಾಲು ಕೊಟ್ಟವರಿಗೆ ಇದನ್ನು ಹೇಳಿ ಒಪ್ಪಿಸುವುದಕ್ಕಿಂತ, ಅದೇ ಮಾಲನ್ನು ತಲೆಯ ಮೇಲೆ ಹೊತ್ತು ಮನೆಮನೆಗೆ ಹೋಗಿ ಮಾರಿ ಬರುವುದು ಸುಲಭ.

ಬೇರೆಯವರ ಸಾಮಾನನ್ನು ಕನ್‌ಸೈನ್‌ಮೆಂಟ್ ಮೇಲೆ ತೆಗೆದುಕೊಂಡು ಆನ್‌ಲೈನ್ ಹರಾಜಿನಲ್ಲಿ ಮಾರಿಕೊಡುವ ಕಸುಬಿಗೆ ಇಳಿದವರಿಗೆಲ್ಲ ಈ ಫೋನಿನ ಪರಿಚಯ ಇದ್ದೇ ಇರುತ್ತದೆ. ಮಾಲು ಅವರದು, ಖಾತೆ ನಮ್ಮದು. ಮಾರಾಟವಾಗುವ ತನಕ ಒಡೆತನ ಅವರದು, ನಡುವೆ ಒಡೆದರೆ ಹೊಣೆ ನಮ್ಮದು. ಕೊಂಡವನು ಬೈಯುವುದಂತೂ ನಮ್ಮನ್ನೇ, ಯಾಕೆಂದರೆ ಅವನಿಗೆ ಕಾಣುವ ಹೆಸರು ನಮ್ಮದೊಂದೇ.

ಫೋನು ಮಾಡುವವರದೂ ಪೂರ್ತಿ ತಪ್ಪಲ್ಲ. ಅರ್ಧ ತಪ್ಪು ಪರದೆಯ ಮೇಲಿನ ಅಂಕಿಯದು. ಕೊಳ್ಳುವವನೊಬ್ಬ ತನ್ನ ಗರಿಷ್ಠ ಮೊತ್ತ 180 ಡಾಲರ್ ಎಂದು ನಮೂದಿಸಿ ಹೋಗಿದ್ದಾನೆ ಅನ್ನಿ. ಇನ್ನೊಬ್ಬನ ಗರಿಷ್ಠ 60. ಇಬೇ ಎಂಬ ಆನ್‌ಲೈನ್ ಹರಾಜು ತಾಣ ಮೊದಲನೆಯವನ ಪರವಾಗಿ, ಎರಡನೆಯವನನ್ನು ದಾಟಲು ಎಷ್ಟು ಬೇಕೋ ಅಷ್ಟನ್ನು ಮಾತ್ರ ಏರಿಸುತ್ತದೆ. 25ರಿಂದ 100 ಡಾಲರ್ ಒಳಗೆ ಒಂದು ಮೆಟ್ಟಿಲೆಂದರೆ 1 ಡಾಲರ್. ಹಾಗಾಗಿ ಕಾಣುವುದು 61. ಆ 180 ಒಳಗೆಲ್ಲೋ ಗುಟ್ಟಾಗಿ ಕೂತಿರುತ್ತದೆ, ನಮಗೂ ಕಾಣುವುದಿಲ್ಲ. ಪಳಗಿದ ಸಂಗ್ರಹಕಾರರಂತೂ ಅಷ್ಟನ್ನೂ ಬಿಟ್ಟುಕೊಡುವುದಿಲ್ಲ. ಕೊನೆಯ ಹತ್ತು ಸೆಕೆಂಡಿನವರೆಗೆ ಉಸಿರೆತ್ತದೆ ಇದ್ದು ಆಮೇಲೆ ಎಗರುತ್ತಾರೆ, ಕೆಲವರು ಆ ಕೆಲಸವನ್ನೂ ತಂತ್ರಾಂಶಕ್ಕೆ ವಹಿಸಿರುತ್ತಾರೆ. ಕೊನೆ ಗಳಿಗೆಯಲ್ಲಿ ಬಿಡ್ ಬಿದ್ದರೆ ಅವಧಿಯನ್ನು ತಾನೇ ಹಿಗ್ಗಿಸುವ ಹರಾಜು ತಾಣಗಳೂ ಇವೆ. ಇಬೇಯಲ್ಲಿ ಹಾಗಿಲ್ಲ, ಗಡಿಯಾರ ನಿಂತರೆ ಮುಗಿಯಿತು.

ಇಷ್ಟನ್ನೂ ಬಿಡಿಸಿ ಹೇಳಿದ ಮೇಲೆ ಅತ್ತ ಕಡೆಯಿಂದ, "ಅದೆಲ್ಲ ಸರಿ ಸಾರ್, ಹದಿನಾಲ್ಕು ಜನ ವಾಚ್ ಮಾಡ್ತಿದ್ದಾರೆ ಅಂತ ತೋರಿಸ್ತಿದೆ. ಒಬ್ಬರಿಗೂ ಕೈ ಬರಲಿಲ್ವಾ?" ಆ ಹದಿನಾಲ್ಕರಲ್ಲಿ ಒಂದಷ್ಟು ಜನ ತಮ್ಮ ಮನೆಯ ಅಟ್ಟದಲ್ಲೂ ಅಂಥದ್ದೇ ಒಂದಿದೆ, ಇದು ಎಷ್ಟಕ್ಕೆ ಹೋಗುತ್ತದೋ ನೋಡೋಣ ಎಂದು ಕಾದಿರುವವರು. ಒಬ್ಬರು ಮಾಲು ಕೊಟ್ಟ ಪುಣ್ಯಾತ್ಮರೇ.

ನಾಲ್ಕನೆಯ ದಿನದ ಹೊತ್ತಿಗೆ ಅವರಿಗೆ ಒಂದು ಉಪಾಯ ಹೊಳೆಯುತ್ತದೆ. ದನಿ ತಗ್ಗಿಸಿ ಕೇಳುತ್ತಾರೆ: "ನಮ್ಮ ಭಾವಮೈದನ ಕೈಲಿ ಒಂದು ಬಿಡ್ ಹಾಕಿಸಲಾ? ಸುಮ್ನೆ ಸ್ವಲ್ಪ ಬಿಸಿ ಮಾಡೋಕೆ." ಕೇಳಿದವರು ಪರವಾಗಿಲ್ಲ, ಬೇಡವೆನ್ನಬಹುದು. ಕೇಳದೆ ಹಾಕಿಸಿಬಿಡುವವರದೇ ಕಷ್ಟ. ನಮ್ಮವರಿಂದಲೇ ಸುಳ್ಳು ಬಿಡ್ ಹಾಕಿಸಿ ಬೆಲೆ ಏರಿಸುವುದು ತಾಣದ ನಿಯಮಕ್ಕೆ ವಿರುದ್ಧ, ಹಲವು ದೇಶಗಳಲ್ಲಿ ಕಾನೂನಿಗೂ ವಿರುದ್ಧ. ಸಿಕ್ಕಿಬಿದ್ದರೆ ಅಮಾನತಾಗುವುದು ಭಾವಮೈದನಲ್ಲ, ವರ್ಷಗಟ್ಟಲೆ ಒಂದೊಂದೇ ಒಳ್ಳೆಯ ಫೀಡ್‌ಬ್ಯಾಕ್ ಕೂಡಿಸಿಕೊಂಡ ನಮ್ಮ ಖಾತೆ.

ಅದಿರಲಿ, ಭಾವಮೈದನ ಲೆಕ್ಕಾಚಾರವನ್ನೇ ನೋಡಿ. ಮಾಲು ಒಂದು ಕ್ಯಾಮೆರಾ ಅನ್ನಿ. ನಿಜವಾದ ಗಿರಾಕಿಯ ಗರಿಷ್ಠ 141 ಡಾಲರ್. ಇದು ಭಾವಮೈದನಿಗೆ ಗೊತ್ತಿಲ್ಲ. ಅವನು 110 ಹಾಕುತ್ತಾನೆ, ತಕ್ಷಣ ಯಂತ್ರ ಗಿರಾಕಿಯ ಪರವಾಗಿ ಮೇಲೇರುತ್ತದೆ. ಭಾವಮೈದನಿಗೆ ಹುರುಪು. 130 ಹಾಕುತ್ತಾನೆ, ಮತ್ತೆ ಏರುತ್ತದೆ. ಇನ್ನೊಂದೇ ಒಂದು ಎಂದು 150 ಹಾಕುತ್ತಾನೆ. ಈ ಸಲ ಯಾರೂ ಏರುವುದಿಲ್ಲ. ಈ ಮಟ್ಟದಲ್ಲಿ ಮೆಟ್ಟಿಲು ಎರಡೂವರೆ ಡಾಲರಿನದು, ಆದ್ದರಿಂದ 143.50ಕ್ಕೆ ಹರಾಜು ಮುಗಿದು, ಅಕ್ಕನ ಮನೆಯಿಂದ ಹೊರಟ ಕ್ಯಾಮೆರಾ ಭಾವಮೈದನ ಪಾಲಾಗುತ್ತದೆ. ತಾಣ ಅವನಿಗೆ ಅಭಿನಂದನೆ ತಿಳಿಸುತ್ತದೆ. ನಮಗೆ 'ನಿಮ್ಮ ಮಾಲು ಮಾರಾಟವಾಗಿದೆ' ಎಂಬ ಸಂದೇಶ. ಒಡೆಯರಿಗೆ ಖುಷಿಯೋ ಖುಷಿ, ಭಾವಮೈದ ಫೋನು ಮಾಡುವ ತನಕ.

ಅವನು ದುಡ್ಡು ಕಟ್ಟುವುದಿಲ್ಲ. ನಾಲ್ಕು ದಿನ ಕಾಯಬೇಕು, ಆಮೇಲೆ 'ಹಣ ಪಾವತಿಯಾಗಿಲ್ಲ' ಎಂಬ ಕಾರಣ ಕೊಟ್ಟು ರದ್ದು ಮಾಡಬೇಕು. ಎರಡನೆಯ ಸ್ಥಾನದಲ್ಲಿದ್ದ ಗಿರಾಕಿಗೆ ಅವನ 141ಕ್ಕೇ ಸೆಕೆಂಡ್ ಚಾನ್ಸ್ ಆಫರ್ ಕಳಿಸಬಹುದು. ಕಳಿಸುತ್ತೇವೆ ಕೂಡ. ಅಷ್ಟರಲ್ಲಿ ಅವನು ಬೇರೆಲ್ಲೋ ಕೊಂಡು ಸುಮ್ಮನಾಗಿರುತ್ತಾನೆ, ಇಲ್ಲವೇ ಸೋತ ಹರಾಜು ಮತ್ತೆ ಬಾಗಿಲಿಗೆ ಬಂದದ್ದು ಕಂಡು ಮೂಗು ಮುರಿಯುತ್ತಾನೆ. ಮತ್ತೆ ಮೊದಲಿನಿಂದ ಏಳು ದಿನ.

ಬೆಲೆಯ ವಿಷಯಕ್ಕೆ ಬಂದರೆ ಹೆತ್ತವರಿಗೆ ಹೆಗ್ಗಣ ಮುದ್ದು. "ಇಂಥದ್ದೇ ಕ್ಯಾಮೆರಾ ಅಲ್ಲಿ ಒಂಬೈನೂರಕ್ಕಿದೆ ಸಾರ್" ಎಂದು ಸ್ಕ್ರೀನ್‌ಶಾಟ್ ಹಿಡಿದು ಬರುತ್ತಾರೆ. ಹೌದು, ಒಂಬೈನೂರಕ್ಕಿದೆ. ಒಂಬೈನೂರಕ್ಕೆ ಇಟ್ಟದ್ದರಿಂದಲೇ ಇನ್ನೂ ಅಲ್ಲೇ ಇದೆ. ನೋಡಬೇಕಾದ್ದು ಮಾರಾಟವಾದ ಮಾಲಿನ ಪಟ್ಟಿಯನ್ನು. ಹುಡುಕಾಟದಲ್ಲಿ 'ಸೋಲ್ಡ್' ಎಂಬ ಫಿಲ್ಟರ್ ಒತ್ತಿದರೆ ಈಚೆಗೆ ಯಾರು ಎಷ್ಟು ಕೊಟ್ಟರು ಎಂಬ ನಿಜ ಹೊರಬೀಳುತ್ತದೆ. ಅದನ್ನು ಒಡೆಯರ ಎದುರಿಗೇ ಒತ್ತಿ, ಕರಾರಿಗೆ ಸಹಿ ಹಾಕುವ ಮೊದಲೇ ತೋರಿಸಬೇಕು. ಮುಖ ಬಾಡುತ್ತದೆ, ಬಾಡಲಿ. ಹರಾಜಿನ ಮರುದಿನ ಬಾಡುವುದಕ್ಕಿಂತ ವಾಸಿ.

ಮುರಿದದ್ದನ್ನು ಹೊತ್ತು ತರುವವರ ಧೈರ್ಯಕ್ಕೆ ಒಂದು ಇತಿಹಾಸವೂ ಇದೆ. 1995ರಲ್ಲಿ ಪಿಯರ್ ಒಮಿಡ್ಯಾರ್ ಶುರು ಮಾಡಿದ ಆಕ್ಷನ್‌ವೆಬ್, ಅಂದರೆ ಮುಂದೆ ಇಬೇ ಆದ ತಾಣದಲ್ಲಿ, ಮೊದಲು ಮಾರಿದ್ದು ಕೆಟ್ಟುಹೋದ ಲೇಸರ್ ಪಾಯಿಂಟರ್, 14.83 ಡಾಲರಿಗೆ. ಕೆಟ್ಟಿದೆ ಅಂತ ಗೊತ್ತು ತಾನೇ ಎಂದು ಕೊಂಡವನನ್ನು ವಿಚಾರಿಸಿದರೆ, ತಾನು ಕೆಟ್ಟ ಲೇಸರ್ ಪಾಯಿಂಟರುಗಳನ್ನೇ ಸಂಗ್ರಹಿಸುವವನು ಎಂದನಂತೆ. ಈ ಕಥೆ ಎಲ್ಲಿಯವರೆಗೆ ಬದುಕಿರುತ್ತದೋ ಅಲ್ಲಿಯವರೆಗೆ ನಮ್ಮ ಕಪಾಟುಗಳು ಖಾಲಿಯಾಗುವುದಿಲ್ಲ.

"ವರ್ಕಿಂಗ್ ಕಂಡೀಷನ್ ಸಾರ್" ಎಂಬ ಮಾತನ್ನು ಕೇಳಿಕೊಳ್ಳಬೇಕು, ಲಿಸ್ಟಿಂಗ್‌ನಲ್ಲಿ, ಅಂದರೆ ತಾಣದಲ್ಲಿ ಹಾಕುವ ಮಾಲಿನ ವಿವರದಲ್ಲಿ, ಬರೆಯಬಾರದು. ಹಳೆಯ ಫಿಲ್ಮ್ ಕ್ಯಾಮೆರಾ ಬಂದರೆ ಶಟರನ್ನು ಒಂದು ಸೆಕೆಂಡಿಗೆ ಇಟ್ಟು ಒತ್ತಿ ನೋಡಿ. ಜಿಡ್ಡುಗಟ್ಟಿದ್ದರೆ ಎರಡು ಸೆಕೆಂಡು ಎಳೆಯುತ್ತದೆ, ಇಲ್ಲವೇ ತೆರೆದೇ ನಿಲ್ಲುತ್ತದೆ. ಲೆನ್ಸಿನ ಒಂದು ಕಡೆಯಿಂದ ಟಾರ್ಚು ಬಿಟ್ಟು ಇನ್ನೊಂದು ಕಡೆಯಿಂದ ಇಣುಕಿದರೆ ಬೂಷ್ಟಿನ ಎಳೆ ಕಾಣುತ್ತದೆ. ಬ್ಯಾಟರಿ ಗೂಡಿನ ಮುಚ್ಚಳ ಬಿಚ್ಚಿ ಹಸಿರು ಕಿಲುಬು ಇದೆಯೇ ನೋಡಿ. ಹಿಂಬದಿಯ ಮುಚ್ಚಳದ ಅಂಚಿನ ಕರಿ ಸ್ಪಂಜು ಮುಟ್ಟಿದರೆ ಡಾಂಬರಿನ ಹಾಗೆ ಅಂಟುತ್ತದೆಯೇ? ಅದನ್ನೂ ಬರೆಯಿರಿ. ದೋಷಗಳ ಫೋಟೋ ಚೆಲುವಿನ ಫೋಟೋಗಿಂತ ದೊಡ್ಡದಾಗಿರಲಿ. ಕ್ರಮಸಂಖ್ಯೆಯ ಫೋಟೋ ತಪ್ಪಿಸಲೇಬೇಡಿ. ಕೆಲವರು ನಮ್ಮ ಒಳ್ಳೆಯದನ್ನು ಇಟ್ಟುಕೊಂಡು ತಮ್ಮ ಕೆಟ್ಟದ್ದನ್ನು 'ವಾಪಸ್' ಕಳಿಸುತ್ತಾರೆ. ಅಂಥ ಗಿರಾಕಿಗೆ ಮಾರುವವರು ಕೆಟ್ಟ ಫೀಡ್‌ಬ್ಯಾಕ್ ಕೊಡುವ ಅವಕಾಶವನ್ನು ಇಬೇ 2008ರಲ್ಲೇ ಕಿತ್ತುಕೊಂಡಿದೆ. ನುಂಗಿಕೊಳ್ಳಬೇಕು.

ಇನ್ನೊಂದು: ಹಿಂಬದಿಯ ಮುಚ್ಚಳ ತೆರೆಯುವ ಮೊದಲು ರಿವೈಂಡ್ ಹಿಡಿಯನ್ನು ಮೆಲ್ಲಗೆ ತಿರುಗಿಸಿ. ಬಿಗಿ ಹತ್ತಿದರೆ ಒಳಗೆ ರೀಲಿದೆ. ಎಣಿಕೆಯ ಕಿಟಕಿ 36ರಲ್ಲಿ 17 ತೋರಿಸುತ್ತಿರುತ್ತದೆ. ಹದಿನೇಳು ಚಿತ್ರ ತೆಗೆದು, ಉಳಿದದ್ದು ಮುಂದಿನ ಹಬ್ಬಕ್ಕೆ ಎಂದು ಯಾರೋ ಕ್ಯಾಮೆರಾವನ್ನು ಪೆಟ್ಟಿಗೆಯೊಳಗೆ ಇಟ್ಟದ್ದು. ರೀಲನ್ನು ಪೂರ್ತಿ ಸುತ್ತಿ ಹೊರತೆಗೆದು ಮನೆಯವರ ಕೈಗೆ ಕೊಟ್ಟರೆ, ಅಲ್ಲಿಯವರೆಗೆ ರಿಸರ್ವ್ ಬೆಲೆಗೆ, ಅಂದರೆ ಇದಕ್ಕಿಂತ ಕಡಿಮೆಗೆ ಮಾರಕೂಡದೆಂಬ ಮೊತ್ತಕ್ಕೆ, ಜಗ್ಗಾಡುತ್ತಿದ್ದವರು ಒಂದು ಕ್ಷಣ ಸುಮ್ಮನಾಗುತ್ತಾರೆ. ಕೆಲವರು ಕ್ಯಾಮೆರಾವನ್ನೂ ಮನೆಗೆ ಒಯ್ದುಬಿಡುತ್ತಾರೆ. ಆ ದಿನ ಕಮಿಷನ್ ಹೋಗುತ್ತದೆ, ಬೇಸರವಾಗುವುದಿಲ್ಲ.

ಪ್ಯಾಕಿಂಗ್ ಬಗ್ಗೆ ಹೇಳುವುದು ಕಡಿಮೆ. ಪೆಟ್ಟಿಗೆಯೊಳಗೆ ಪೆಟ್ಟಿಗೆ, ನಡುವೆ ಸುತ್ತಲೂ 5 ಸೆಂ.ಮೀ. ಮೆತ್ತೆ, ಅಲ್ಲಾಡಿಸಿದರೆ ಸದ್ದು ಬರಕೂಡದು. ಕೊರಿಯರ್ ಲೆಕ್ಕ ಮಾತ್ರ ಮೊದಲೇ ಹಾಕಿಕೊಳ್ಳಿ. ಅನೇಕ ಕೊರಿಯರುಗಳು ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿ, ಬಂದದ್ದನ್ನು ಕೆಜಿ ಎಂದು ಎಣಿಸುತ್ತವೆ. 50×50×40ರ ಪೆಟ್ಟಿಗೆಯಲ್ಲಿ ಕೂತ, ಒಂದು ಕೆಜಿಯೂ ತೂಗದ ದೀಪದ ಬುರುಡೆ ಅವರ ಪಾಲಿಗೆ 20 ಕೆಜಿ.

ಕೊನೆಗೆ ಲೆಕ್ಕ ಚುಕ್ತಾ. ಪಿಂಗಾಣಿ ಹೂದಾನಿ 100ಕ್ಕೆ ಹೋಯಿತು, ಸಾಗಣೆ 15 ಅಂತಿಟ್ಟುಕೊಳ್ಳಿ. ತಾಣದ ಶುಲ್ಕ ನೂರಕ್ಕೆ 13 ಇದ್ದರೆ ಅದು ಬರೀ 100ರ ಮೇಲಲ್ಲ, ಸಾಗಣೆಯೂ ಸೇರಿ 115ರ ಮೇಲೆ: 14.95. ನಮ್ಮ ಕಮಿಷನ್ 30. ಪ್ಯಾಕಿಂಗ್ ಸಾಮಗ್ರಿ 3. ಒಡೆಯರಿಗೆ ಉಳಿದದ್ದು 52.05. ಅದೂ ಇವತ್ತಲ್ಲ, ಮಾಲು ವಾಪಸ್ ಮಾಡುವ 30 ದಿನದ ಗಡುವು ಕಳೆದ ಮೇಲೆ. ಶುಲ್ಕದ ಮತ್ತು ಗಡುವಿನ ಈ ಎರಡು ಸಾಲುಗಳನ್ನು ಕರಾರಿನಲ್ಲಿ ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದರೂ, ಚೀಟಿ ಕೈಗೆ ಬಂದಾಗ ಅವರು ಓದುವುದು ಪ್ಯಾಕಿಂಗಿನ ಸಾಲನ್ನೇ. "ಮೂರು ಯಾಕೆ ಸಾರ್? ಸುತ್ತೋಕೆ ಪೇಪರ್ ನಾನೇ ಕೊಟ್ಟಿದ್ದೆನಲ್ಲ?" ಕೊಟ್ಟಿದ್ದರು, ನಿಜ. ಹೂದಾನಿಯನ್ನು ಹಳೆಯ ಪತ್ರಿಕೆಯಲ್ಲೇ ಸುತ್ತಿ ತಂದಿದ್ದರು. ಬಿಳಿ ಪಿಂಗಾಣಿಗೆ ಹತ್ತಿದ ಆ ಪತ್ರಿಕೆಯ ಮಸಿಯನ್ನು ಹತ್ತಿ ಅದ್ದಿ ಅದ್ದಿ ಒರೆಸಿದ್ದಕ್ಕೆ ನಾವು ಏನನ್ನೂ ಹಾಕಿಲ್ಲ.